ಖಾಲಿ ರೂಮಿನ ಕರೆಗಂಟೆ

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಇಂದಿಗೂ ತಾತ್ಸಾರ. ಆದ್ದರಿಂದ ಇದನ್ನು ಕಥೆ ಅನ್ನಬೇಡಿ. ನಾನೇ ನಿಂತು ನೋಡಿದ್ದು, ನನ್ನ ಕಿವಿಯಾರೆ ಕೇಳಿದ್ದು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಆಪರೇಷನ್ ಥಿಯೇಟರ್ ಟೆಕ್ನಿಷಿಯನ್. ಹೊಟ್ಟೆ ಉದ್ದಕ್ಕೆ ಕೊಯ್ಯದೆ, ಸಣ್ಣ ರಂಧ್ರದಲ್ಲಿ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೋಸ್ಕೋಪಿ ನಮ್ಮಲ್ಲಿಗೆ ಆಗಷ್ಟೇ ಬಂದಿತ್ತು. ಆ ಕ್ಯಾಮೆರಾ ಹಿಡಿಯುವುದು ನನ್ನ ಕೆಲಸ. ಯಂತ್ರ ಬಂದ ಮೇಲೆ ನಮ್ಮ ಸರ್ಜನ್ ಸಾಹೇಬರಿಗೆ ನೆಲವೇ ಕಾಣುತ್ತಿರಲಿಲ್ಲ.

ದುದ್ದದ ಕಡೆಯ ಗೌರಮ್ಮ ಹೊಟ್ಟೆನೋವೆಂದು ಮೂರು ಸಲ ಬಂದಿದ್ದಳು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. "ಗ್ಯಾಸ್ ಅಷ್ಟೇ. ಎಲ್ಲಾ ನಾಟಕ," ಎಂದು ಸಾಹೇಬರು ಆಕೆಯ ಎದುರೇ ನಕ್ಕರು. ಜೊತೆಗೆ ನಾನೂ ನಕ್ಕೆ, ಬಾಲಬಡುಕನ ಹಾಗೆ.

ನಾಲ್ಕನೇ ಸಲ ಬಂದಾಗ ರಾತ್ರಿ ಹನ್ನೊಂದು. ಹೊಟ್ಟೆ ಕಲ್ಲಾಗಿತ್ತು, ಹಸಿರು ವಾಂತಿ. ಆರನೇ ರೂಮಿನಲ್ಲಿ ಮಲಗಿಸಿದ್ದ ಆಕೆಯನ್ನು ಸಾಹೇಬರು ಗೊಣಗುತ್ತಲೇ ಥಿಯೇಟರಿಗೆ ತರಿಸಿದರು.

ಕ್ಯಾಮೆರಾ ಇಳಿಸಿದೆ... ಹೊರಗೆ ಉಬ್ಬು ತೋರಿಸದ ಒಳ ಹರ್ನಿಯಾ! ಕರುಳನ್ನು ಹಿಡಿದಿಡುವ ಪೊರೆಯಲ್ಲೊಂದು ತೂತು. ಅದರೊಳಗೆ ಕರುಳು ನುಸುಳಿ ಸಿಕ್ಕಿಕೊಂಡಿತ್ತು. ಸಾಹೇಬರು ಬಿಡಿಸಿ, ತೂತು ಹೊಲಿದರು. "ಆಯ್ತು. ಕ್ಯಾಮೆರಾ ತೆಗಿ."

ಆಗ ಥಿಯೇಟರಿನ ಫೋನ್ ಹೊಡೆದುಕೊಂಡಿತು. ಅರಿವಳಿಕೆ ಡಾಕ್ಟರು ಸ್ಪೀಕರ್ ಒತ್ತಿದರು. ವಾರ್ಡಿನ ನರ್ಸ್ ಸವಿತಾಳ ಪಿಸುದನಿ.

"ಸಾರ್... ಆರನೇ ರೂಮಿನ ಬೆಲ್ ಹೊಡ್ಕೋತಾನೇ ಇದೆ. ಹೋಗಿ ನೋಡಿದ್ರೆ ಯಾರೂ ಇಲ್ಲ. ಮಂಚದ ಹತ್ರ ಗೌರಮ್ಮನ ದನಿ ಸಾರ್... 'ಇನ್ನೊಂದ ಬುಟ್ಬುಟ್ರು' ಅಂತು."

ಗೌರಮ್ಮ ನಮ್ಮ ಮುಂದೆ, ಗಂಟಲಲ್ಲಿ ಕೊಳವೆ ಇಟ್ಟುಕೊಂಡು ಅಲುಗಾಡದೆ ಮಲಗಿದ್ದಳು.

"ಆ ಹುಡುಗಿಗೆ ಮುಖ ತೊಳ್ಕೊಂಡು ಬರೋಕೆ ಹೇಳಿ," ಎಂದು ಸಾಹೇಬರು ಮಾಸ್ಕಿನೊಳಗೇ ನಕ್ಕರು. ನಾನೂ ನಕ್ಕೆ.

ಫೋನ್ ಇನ್ನೂ ಇಟ್ಟಿರಲಿಲ್ಲ. ಅದರೊಳಗಿಂದ ಬೆಲ್ ಕೇಳಿಸುತ್ತಲೇ ಇತ್ತು. ಟ್ರಿಣ್... ಟ್ರಿಣ್... ನಮ್ಮ ಮಾನಿಟರಿನ ಬೀಪ್ ಜೊತೆಗೆ. ಗೌರಮ್ಮನ ಒಂದೊಂದು ಎದೆಬಡಿತಕ್ಕೂ ಸರಿಯಾಗಿ.

ಸವಿತಾ ಹೇಳಿದ 'ಇನ್ನೊಂದು' ಆಗ ನನ್ನ ತಲೆಗೆ ಹೊಕ್ಕಿತು. ಹೊರಗೆಳೆಯಬೇಕಿದ್ದ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿದೆ.

"ಏನಯ್ಯಾ ಮಾಡ್ತಿದೀಯ?" ಎಂದ ಸಾಹೇಬರ ಮಾತು ಅಲ್ಲೇ ನಿಂತಿತು.

ಕೆಳಗೆ ಇನ್ನೊಂದು ತೂತು. ಅದರಲ್ಲಿ ಸಿಕ್ಕಿದ್ದ ಕರುಳು ನೇರಳೆಗೆ ತಿರುಗಿತ್ತು.

ಬಿಡಿಸಿ, ಬೆಚ್ಚಗಿನ ಸಲೈನ್ ಸುರಿದು ಕಾದೆವು. ಕರುಳಿಗೆ ನಿಧಾನವಾಗಿ ಕೆಂಪು ಬಂತು. ಬೆಲ್ ನಿಂತದ್ದು ಆಗ.

ಬೆಳಿಗ್ಗೆ ಸಾಹೇಬರು ಗೌರಮ್ಮನ ಗಂಡನಿಗೆ ಹೇಳುತ್ತಿದ್ದರು: "ನನ್ನ ಕಣ್ಣು ತಪ್ಪಿಸಿ ಏನೂ ಹೋಗಲ್ಲ." ಥೂ!

ನಾನು ಆಕೆಯನ್ನು ನೋಡಲು ಹೋದೆ. ಆಗಷ್ಟೇ ಎಚ್ಚರವಾಗಿತ್ತು, ಆಪರೇಷನ್ ಬಗ್ಗೆ ಆಕೆಗೆ ಯಾರೂ ಏನೂ ಹೇಳಿರಲಿಲ್ಲ.

"ಎಲ್ಡೂ ತೂತ ಒಲುದ್ರಾ ಸಾ?"

"ಯಾರು... ಯಾರಮ್ಮ ಹೇಳಿದ್ರು ನಿಮಗೆ?"

"ಯಾರೇಳ್ಬೇಕು? ನಾ ಕೇಳುಸ್ಕತಿದ್ನಲ್ಲ. ನೀವೂ ನಗಾಡ್ತಿದ್ರಿ ಕಣ."

ಚಪ್ಪಲಿಗೆ ಮೆತ್ತಿದ್ದನ್ನು ನೋಡುವ ಹಾಗೆ ನನ್ನನ್ನೊಮ್ಮೆ ನೋಡಿ, ಗೋಡೆ ಕಡೆ ಮುಖ ತಿರುಗಿಸಿದಳು.

ವೈರಿಂಗ್ ಕೆಟ್ಟಿತ್ತು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಕೆಟ್ಟ ವೈರಿಂಗಿಗೆ ಆಕೆಯ ನಾಡಿ ಹೇಗೆ ತಿಳಿಯಿತು...?