ಚಹಾ ಡಬ್ಬಿಯ ಕೊನೆಯ ಸಾಲು

ಶಿರಸಿ ಪೇಟೆಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಶ್ರೀಪಾದಣ್ಣನಿಗೆ ಒಂದು ಚಟವಿತ್ತು. ಕುಂಚ ತೊಳೆಯುವ ಮೊದಲು ಉಳಿದ ಬಣ್ಣದಲ್ಲಿ ಹಲಗೆಯ ಹಿಂಬದಿಗೆ ಒಂದು ಚೀನೀ ಅಕ್ಷರ ಬರೆಯುತ್ತಿದ್ದ. ‘ಮೇಲೆ ಹುಲ್ಲು, ನಡುವೆ ಮನುಷ್ಯ, ಕೆಳಗೆ ಮರ. ಇದೇ ಚಾ, ತಮಾ’ ಎಂದು ನನಗೆ ತೋರಿಸುತ್ತಿದ್ದ. ಹೇಳಿದ ದಿನಕ್ಕೆ ಒಂದು ಬೋರ್ಡನ್ನೂ ಮುಗಿಸದ ಮಾರಾಯನಿಗೆ ಇದಕ್ಕೆ ಮಾತ್ರ ಪುರುಸೊತ್ತು! ಪಕ್ಕದ ಅಂಗಡಿಯವನಾದ ನಾನು ಕಾಡಿಸಿದರೆ ನಗುತ್ತಿದ್ದ.

ಅಕ್ಷರ ಕಲಿಸಿದವಳು ಚಳಿಗಾಲದಲ್ಲಿ ಮುಂಡಗೋಡಿನಿಂದ ಸ್ವೆಟರ್ ಮಾರಲು ಬರುತ್ತಿದ್ದ ಟಿಬೆಟನ್ ಹೆಂಗಸು. ಚಿಕ್ಕಂದಿನಲ್ಲಿ ಆಕೆ ಚೀನೀ ಶಾಲೆಗೆ ಹೋಗಿದ್ದಳಂತೆ. ಇವನ ಬಳಿ ಚೀನೀ ಬರಹವಿದ್ದ ಹಳೇ ಚಹಾ ಡಬ್ಬಿಯೊಂದಿತ್ತು; ಅದನ್ನು ಆಕೆಯ ಕೈಗಿತ್ತಿದ್ದರೆ ಗಳಿಗೆಯಲ್ಲಿ ಓದಿ ಹೇಳುತ್ತಿದ್ದಳು. ಊಹೂಂ. ಅದರ ಒಂದೊಂದೇ ಅಕ್ಷರವನ್ನು ಹಳೇ ಕ್ಯಾಲೆಂಡರಿನ ಚೂರಿನಲ್ಲಿ ಬರೆದೊಯ್ದು ಅರ್ಥ ಕೇಳಿ ಬರುತ್ತಿದ್ದ. ಹೀಗೇ ತೊಂಬತ್ತರ ದಶಕದ ಎಷ್ಟೋ ಚಳಿಗಾಲ ಕಳೆದವು.

ಒಂದು ಸಂಜೆ ಬಾಗಿಲು ಅರ್ಧ ಎಳೆದು ನನ್ನನ್ನು ಒಳಗೆ ಕರೆದ. ಮದುವೆಯ ಹೊಸತರಲ್ಲಿ ನೆಂಟರೊಬ್ಬರು ವಿದೇಶದಿಂದ ಆ ಡಬ್ಬಿ ತಂದುಕೊಟ್ಟಿದ್ದರಂತೆ. ಕಹಿಯಾದದ್ದೆಲ್ಲ ಕಷಾಯ, ಕಷಾಯವೆಲ್ಲ ಒಳ್ಳೆಯದು ಎಂದು ನಂಬುವ ಜನ ನಾವು. ಬಸುರಿಯಾಗಿದ್ದ ಹೆಂಡತಿ ಶಾರದಕ್ಕನಿಗೆ ದಿನಾ ಬೆಳಿಗ್ಗೆ ಇವನೇ ಅದನ್ನು ಕುದಿಸಿ, ಲೋಟ ಅವಳ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೊರಡುತ್ತಿದ್ದ. ಐದನೇ ತಿಂಗಳಲ್ಲಿ ಬಸಿರು ಹೋಯಿತು. ಮತ್ತೆ ಮಕ್ಕಳಾಗಲಿಲ್ಲ. ಡಬ್ಬಿಯ ಮೇಲೆ ಏನು ಬರೆದಿದೆಯೋ ಎಂಬ ಸಂಶಯ ಅಂದೇ ಅವನ ತಲೆ ಹೊಕ್ಕಿತ್ತು. ಬೇರೆಯವರಿಂದ ಓದಿಸಲು ಹೆದರಿಕೆ, ಓದದೆ ಇರಲೂ ಆಗದು.

ಡಬ್ಬಿ ತೆಗೆದು, ಅಂದಷ್ಟೇ ಓದಿ ಮುಗಿಸಿದ್ದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. ‘ಬಸುರಿಯರು ಕುಡಿಯಲಾಗ ಹೇಳಿ ಇದ್ದು, ತಮಾ. ಆನೇ ಕೈಯಾರೆ ಕೊಟ್ಟಿ. ಶಾರದೆ ಹತ್ರ ಹೇಳಡ.’

ಅಂದಿನಿಂದ ಅವನು ಶಾರದಕ್ಕನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟ. ಊಟಕ್ಕೂ ಮನೆಗೆ ಹೋಗುತ್ತಿರಲಿಲ್ಲ. ಮಕ್ಕಳಿಲ್ಲದ ಬೇಸರವನ್ನು ತನ್ನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ ಎಂದು ಆಕೆ ಕೊರಗಿದಳು.

ಕೆಲವು ವರ್ಷಗಳ ನಂತರ ಶ್ರೀಪಾದಣ್ಣ ಮಲಗಿದಲ್ಲೇ ಹೋಗಿಬಿಟ್ಟ. ಕ್ರಿಯೆಯೆಲ್ಲ ಮುಗಿದ ಮೇಲೆ ಅಂಗಡಿ ಖಾಲಿ ಮಾಡಲು ಶಾರದಕ್ಕ ಬಂದಳು. ಡಬ್ಬಿ ಸಿಕ್ಕಿತು. ಇನ್ನು ಯಾರಿಗಾಗಿ ಮುಚ್ಚಿಡುವುದು? ಎಲ್ಲವನ್ನೂ ಹೇಳಿದೆ. ಆಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡಳು.

‘ಆನು ಅದನ್ನ ಕುಡದ್ನೇ ಇಲ್ಲೆ, ತಮಾ. ವಾಸನೆಗೇ ವಾಂತಿ ಬರ್ತಿತ್ತು. ಅವ್ಕೆ ಬೇಜಾರಾಗ್ತು ಹೇಳಿ ದಿನಾ ಬಚ್ಚಲಿಗೆ ಚೆಲ್ತಿದ್ದಿ.’