ಶನಿವಾರದ ಸುತ್ತು

ನನ್ನ ಭಾವನಿಗೆ ಹೊಸ ವಾದ್ಯ ಕಂಡರೆ ಆಗುತ್ತಿರಲಿಲ್ಲ. ಅಂಗಡಿಯಿಂದ ನೇರವಾಗಿ ಬಂದ ಗಿಟಾರಿಗೆ ಇನ್ನೂ ಬುದ್ಧಿ ಬಂದಿರುವುದಿಲ್ಲ ಎನ್ನುತ್ತಿದ್ದರು. ಯಾರೋ ನಾಲ್ಕಾರು ವರ್ಷ ನುಡಿಸಿ, ಮದುವೆಯಾಗಿ, ಮಂಚದ ಕೆಳಗೆ ತಳ್ಳಿದ್ದೇ ಅವರಿಗೆ ಬೇಕು. ಅಂಥದ್ದನ್ನು ಹುಡುಕಿಕೊಂಡು ಬಿಸಿಲಲ್ಲಿ ಬಸವೇಶ್ವರನಗರದ ಯಾವುದೋ ಮನೆಯ ಮಹಡಿ ಹತ್ತುವುದು, ಗುರುತು ಪರಿಚಯ ಇಲ್ಲದವರ ಸೋಫಾದ ಮೇಲೆ ಕೂತು ನೀರು ಕುಡಿಯುವುದು, ಗಿಟಾರನ್ನು ಮುಖದ ಮಟ್ಟಕ್ಕೆ ಎತ್ತಿ ಒಂದು ಕಣ್ಣು ಮುಚ್ಚಿ, ಬಡಗಿ ಹಲಗೆ ನೋಡುವ ಹಾಗೆ ಅದರ ಕತ್ತು ಸೊಟ್ಟಗಿದೆಯೇ ಎಂದು ನೋಡುವುದು, ಇದೆಲ್ಲ ಅವರಿಗೆ ತೀರ್ಥಯಾತ್ರೆ. ಜೊತೆಗೆ ಬಾಲದ ಹಾಗೆ ನಾನು.

ಅವರು ನನ್ನ ಅಕ್ಕನ ಗಂಡ. ಮನೆ ಹೊಸಹಳ್ಳಿಯಲ್ಲಿ. ನನ್ನದು ಮಾರೇನಹಳ್ಳಿ, ನಡೆದುಕೊಂಡೇ ಹೋಗಬಹುದು. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಒಂದು ಲೇತ್ ವರ್ಕ್‌ಶಾಪ್ ನೋಡಿಕೊಳ್ಳುವವನು ನಾನು. ವಾರವೆಲ್ಲ ಕಬ್ಬಿಣ ಕಿರುಚುವುದನ್ನು ಕೇಳಿ ಕೇಳಿ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಅದನ್ನು ಇಳಿಸಲೆಂದೇ ಭಾವ ನನ್ನ ಕೈಗೆ ಬೇಸ್ ಗಿಟಾರ್ ಕೊಡಿಸಿದ್ದು. ಗೋವಿಂದರಾಜನಗರದಲ್ಲಿ ಆರ್ಕೆಸ್ಟ್ರಾ ಬಿಟ್ಟು ಹಾಲಿನ ವ್ಯಾಪಾರಕ್ಕೆ ಇಳಿದವರೊಬ್ಬರು ಮಾರಿದ್ದು ಅದು. ನಾಲ್ಕೇ ತಂತಿ, ದಪ್ಪ ಸ್ವರ. ನನಗೂ ಗಿಟಾರೇ ಕಲಿಸಿ ಎಂದರೆ ಭಾವ ಒಪ್ಪಲಿಲ್ಲ.

"ಮನೇಲಿ ಇಬ್ಬರೂ ಮಾತಾಡ್ತಾನೇ ಇದ್ರೆ ಸಂಸಾರ ನಡೆಯಲ್ಲ ಕಣೋ. ನಾನು ಮಾತಾಡ್ತೀನಿ, ನೀನು ಹೂಂ ಅನ್ನು."

ಹಾಗೆ ನಾನು ಹೂಂ ಅನ್ನುವವನಾದೆ. ಆಮೇಲೆ ನಮ್ಮಿಬ್ಬರ ಕೈಯಲ್ಲಿ ಎಷ್ಟು ಬೇಸುಗಳು, ಗಿಟಾರಿನ ಸದ್ದು ಬದಲಿಸಲು ಕಾಲಲ್ಲಿ ತುಳಿಯುವ ಎಷ್ಟು ಪೆಡಲುಗಳು ಬಂದು ಹೋದವೋ. ಕೊಳ್ಳುವುದು, ಬಿಚ್ಚುವುದು, ಕರಕರ ಅನ್ನುವ ಗುಂಡಿಗೆ ಎಣ್ಣೆ ಬಿಡುವುದು, ಒಂದಷ್ಟು ದಿನ ನುಡಿಸಿ ಇನ್ನೊಬ್ಬರಿಗೆ ಮಾರುವುದು. ಬೇಸಿನ ತಂತಿ ಸತ್ತ ಹಾಗೆ ಕೇಳಿಸತೊಡಗಿದರೆ ಬಿಚ್ಚಿ ನೀರಿನಲ್ಲಿ ಕುದಿಸುತ್ತಿದ್ದೆವು. ಕೊಳೆ ಬಿಟ್ಟು ಮತ್ತೆ ಸ್ವಲ್ಪ ದಿನ ಬದುಕುತ್ತದೆ. ಒಂದು ಸಲ ಅಕ್ಕ ದೇವಸ್ಥಾನದಿಂದ ಬಂದಾಗ ಅವಳ ಇಡ್ಲಿ ಪಾತ್ರೆಯಲ್ಲಿ ತಂತಿಗಳು ಕುದಿಯುತ್ತಿದ್ದವು. "ಉಪ್ಪು ಹಾಕಿದೀರಾ?" ಎಂದು ಮಾತ್ರ ಕೇಳಿದಳು. ಆ ಪಾತ್ರೆಯನ್ನು ಅವಳು ಮತ್ತೆ ಮುಟ್ಟಲಿಲ್ಲ.

ಆದರೆ ನಮ್ಮ ವ್ಯಾಪಾರಕ್ಕೆ ಒಂದು ಪದ್ಧತಿ ಕಲಿಸಿದವಳೂ ಅವಳೇ. ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು, ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡಬೇಕು ಎಂದು ನಮ್ಮಮ್ಮ ಹೇಳುತ್ತಿದ್ದದ್ದನ್ನು ಅಕ್ಕ ಪೆಡಲಿಗೂ ತಂದಳು. ಯಾವ ಪೆಡಲ್ ಮಾರಿದರೂ ಅದರ ಡಬ್ಬಿಯಲ್ಲಿ ನಾಲ್ಕು ಕಲ್ಲುಸಕ್ಕರೆ ಪೊಟ್ಟಣ ಕಟ್ಟಿ ಇಡುತ್ತಿದ್ದಳು. ಇರುವೆ ಹತ್ತುತ್ತೆ ಎಂದು ನಾನು ರೇಗಿದರೆ, ಹತ್ತಲಿ, ಅವಕ್ಕೂ ಹೊಟ್ಟೆ ಇದೆ ಎಂದಳು. ಭಾವ ನನ್ನ ಕಡೆ ನೋಡಿ ಸುಮ್ಮನಿರು ಎಂದು ಕಣ್ಣಲ್ಲೇ ಹೇಳಿದರು.

ಬಂದು ಹೋದವುಗಳ ಮಧ್ಯೆ ಹೋಗದೆ ಉಳಿದದ್ದು ಒಂದೇ ಪೆಡಲು, ಲೂಪರ್. ಕಾಲಲ್ಲಿ ಒಮ್ಮೆ ತುಳಿದು ನುಡಿಸಿದರೆ ನುಡಿಸಿದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಮತ್ತೆ ತುಳಿದರೆ ಹಿಡಿದದ್ದನ್ನೇ ಸುತ್ತಿ ಸುತ್ತಿ ಕೇಳಿಸುತ್ತದೆ, ನಿಲ್ಲಿಸುವವರೆಗೆ. ಭಾವನಿಗೆ ಕನ್ನಡಕ ಬಂದ ಮೇಲೆ ಯಾವ ಗುಂಡಿ ನಿಲ್ಲಿಸುವುದು, ಯಾವುದು ಅಳಿಸುವುದು ಎಂದು ಗಲಿಬಿಲಿಯಾಗುತ್ತಿತ್ತು. ಅಕ್ಕ ತನ್ನ ಹಣೆಯಿಂದ ಮೆರೂನ್ ಬಣ್ಣದ ಸ್ಟಿಕ್ಕರ್ ತೆಗೆದು ನಿಲ್ಲಿಸುವ ಗುಂಡಿಯ ಪಕ್ಕ ಅಂಟಿಸಿದಳು. ಪೆಡಲಿಗೆ ಮುತ್ತೈದೆ ಕಳೆ ಬಂತು ಎಂದು ನಾವು ನಕ್ಕೆವು.

ಶನಿವಾರ ಸಂಜೆ ಭಾವ ಗಿಟಾರಿನಲ್ಲಿ ಒಂದು ಸುತ್ತು ನುಡಿಸಿ ಅದರಲ್ಲಿ ಇಟ್ಟಿರುತ್ತಿದ್ದರು. ಭಾನುವಾರ ಬೆಳಿಗ್ಗೆ ನಾನು ಹೋಗಿ ಅದರ ಕೆಳಗೆ ಬೇಸ್ ಕೂರಿಸಬೇಕು. ಅವರು ಎದುರಿಗೆ ಕಾಲು ಮಡಚಿ ಕೂತು ಪೇಪರ್ ಓದುವ ನಾಟಕ ಮಾಡುತ್ತ ಕೇಳುತ್ತಿದ್ದರು. ನಾನು ಸರಿಯಾಗಿ ಕೂರಿಸಿದ ಮೇಲೆ ಅದನ್ನು ಅಳಿಸಿಬಿಡುವುದು. ಮುಂದಿನ ವಾರಕ್ಕೆ ಇನ್ನೊಂದು. ಇಟ್ಟುಕೊಳ್ಳೋಣ ಎಂದು ನಮಗೆ ಒಂದು ದಿನವೂ ಅನ್ನಿಸಲಿಲ್ಲ. ಬಾಳೆಎಲೆ ಊಟ ಎಷ್ಟೇ ರುಚಿಯಾಗಿದ್ದರೂ ಎಲೆಯನ್ನು ಯಾರಾದರೂ ಎತ್ತಿಡುತ್ತಾರೆಯೇ!

ಪ್ರತಿ ಸುತ್ತಿನಲ್ಲೂ ಒಂದು ಕಡೆ ಟಕ್ ಟಕ್ ಎಂದು ಎರಡು ಸದ್ದು ಇರುತ್ತಿತ್ತು. ಭಾವ ಗಿಟಾರ್ ಹಿಡಿದು ಕೂತಾಗ ಕಾಫಿ ಬೇಕೆಂದರೆ ಬಾಯಿ ಬಿಡುತ್ತಿರಲಿಲ್ಲ, ಗಿಟಾರಿನ ಹೊಟ್ಟೆಯ ಮೇಲೆ ಎರಡು ಸಲ ತಟ್ಟುತ್ತಿದ್ದರು. ಅಡುಗೆಮನೆಯಿಂದ ಅಕ್ಕ "ಬಂದೇರೀ" ಎನ್ನುತ್ತಿದ್ದಳು. ನುಡಿಸುವ ಮಧ್ಯದಲ್ಲೇ ತಟ್ಟಿದರೆ ಅದೂ ಪೆಡಲಿಗೆ ಹೋಗಿ ಕೂರುತ್ತಿತ್ತು. ನನಗಂತೂ ತಾಳ ಹಿಡಿಯಲು ಅದು ಅನುಕೂಲವೇ ಆಯಿತು.

ಒಂದು ಭಾನುವಾರ ಬೆಳಿಗ್ಗೆ ನಾನು ಬೇಸ್ ಹೆಗಲಿಗೇರಿಸುವ ಮೊದಲೇ ಫೋನ್ ಬಂತು. ಭಾವ ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಎದೆನೋವು ಅಂದರಂತೆ, ಅಷ್ಟೇ.

ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ಹೇಳಿದಳು. ಹಿಂದಿನ ಸಂಜೆ ಅವರು ಬಹಳ ಹೊತ್ತು ನುಡಿಸಿದರಂತೆ, ಎರಡು ಸಲ ಕಾಫಿ ಕುಡಿದರಂತೆ. "ನಾಳೆ ಬರಲಿ ಅವನು, ಇದಕ್ಕೆ ಸರಿಯಾಗಿ ಒದ್ದಾಡ್ತಾನೆ" ಎಂದು ನಕ್ಕರಂತೆ. ಆ ಶನಿವಾರದ ಸುತ್ತು ಪೆಡಲಿನೊಳಗೇ ಇತ್ತು. ನನಗಾಗಿ ಇಟ್ಟದ್ದು, ನಾನು ಕೇಳದೆ ಉಳಿದದ್ದು. ಆದರೆ ಸಾವಾದ ಮನೆಯಲ್ಲಿ ಪೆಡಲ್ ಎಲ್ಲಿ ಎಂದು ಹೇಗೆ ಕೇಳುವುದು? ಕೇಳುವ ಹೊತ್ತಿಗೆ ಆ ಕೋಣೆ ಖಾಲಿಯಾಗಿತ್ತು. ಗಿಟಾರು, ಪೆಡಲುಗಳು, ವೈರು, ಎಲ್ಲವನ್ನೂ ಅವಳು ರಾಜಾಜಿನಗರದ ಸೆಕೆಂಡ್‌ಹ್ಯಾಂಡ್ ಅಂಗಡಿಯವರಿಗೆ ಕೊಟ್ಟುಬಿಟ್ಟಿದ್ದಳು.

ನಾನು ಕೂಗಾಡಿದೆ. ಒಂದು ಮಾತು ಕೇಳಬಾರದಿತ್ತೇ ಎಂದು ಬಾಗಿಲು ಬಡಿದೆ. ಅಕ್ಕ ಸೊಪ್ಪು ಬಿಡಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ಅದು ಮನೇಲಿದ್ರೆ ನನ್ನ ಕಿವಿ ಆ ಕಡೆಗೇ ಇರುತ್ತೆ ಕಣೋ. ಯಾರೂ ಕರೆಯಲ್ಲ ಅಂತ ಗೊತ್ತು. ಆದ್ರೂ ಇರುತ್ತೆ."

ಅಂಗಡಿಗೆ ಓಡಿದೆ. ಲೂಪರ್ ಆ ವಾರವೇ ಹೋಯಿತು ಸಾರ್, ಯಾರೋ ಕಾಲೇಜು ಹುಡುಗಿ, ನಂಬರ್ ಇಟ್ಟುಕೊಂಡಿಲ್ಲ ಎಂದರು. ಅಂದಿನಿಂದ ಶುರುವಾಯಿತು ನನ್ನ ಹುಚ್ಚು. ಹಳೆಯ ಸಾಮಾನು ಮಾರುವ ಆ್ಯಪ್‌ಗಳಲ್ಲಿ ದಿನಾ ಬೆಳಿಗ್ಗೆ ಲೂಪರ್ ಎಂದು ಹುಡುಕುವುದು, ಊರಿನ ಈ ಪಶ್ಚಿಮ ಭಾಗದ ಯಾವ ಪೆಡಲ್ ಬಂದರೂ ಫೋಟೋ ದೊಡ್ಡದು ಮಾಡಿ ಸ್ಟಿಕ್ಕರ್ ಇದೆಯೇ ಎಂದು ನೋಡುವುದು. ಈ ನೆಪದಲ್ಲಿ ನನ್ನದೇ ಒಂದೆರಡು ಸಾಮಾನು ಮಾರಲು ಹಾಕಿದರೆ "ಲಾಸ್ಟ್ ಎಷ್ಟು ಬ್ರೋ" ಎಂದು ಕೇಳಿ ಮಾಯವಾಗುವ ಪುಣ್ಯಾತ್ಮರು. ಬೇಸ್ ಗಿಟಾರ್ ಫೋಟೋ ನೋಡಿ ಎರಡು ತಂತಿ ಯಾಕೆ ಕಡಿಮೆ ಇದೆ, ಉದುರಿ ಹೋಗಿವೆಯಾ ಎಂದು ಕೇಳಿದವನೂ ಒಬ್ಬ. ಅವನಿಗೆ ನಾನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಭಾನುವಾರಗಳು ಕಷ್ಟವಾಗುತ್ತಿದ್ದವು. ಬೇಸ್ ತೊಡೆಯ ಮೇಲಿಟ್ಟುಕೊಂಡರೆ ಹೂಂ ಅನ್ನಲು ಎದುರಿಗೆ ಮಾತೇ ಇಲ್ಲ. ಬೇಸ್ ಒಂದನ್ನೇ ನುಡಿಸಿ ನೋಡಿ, ಒಬ್ಬನೇ ಕೂತು ತಲೆಯಾಡಿಸಿದ ಹಾಗಿರುತ್ತದೆ. ಆ ಕೊನೆಯ ಸುತ್ತು ಹೇಗಿದ್ದೀತು ಎಂದು ಊಹಿಸಿ ಊಹಿಸಿ ನುಡಿಸುತ್ತಿದ್ದೆ. ಯಾವುದೂ ಅವರದಾಗುತ್ತಿರಲಿಲ್ಲ. ಆ ಮನುಷ್ಯ ನನಗೆ ಎಷ್ಟು ಬೇಕಾಗಿದ್ದರು ಎಂದು ನನ್ನ ಹೆಂಡತಿಗೂ ಹೇಳಲಾಗದೆ ಒದ್ದಾಡಿದೆ.

ಒಂದು ದಿನ ವರ್ಕ್‌ಶಾಪಿನಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಫೋನ್ ನೋಡುತ್ತಿದ್ದೆ. ಕೆಂಗೇರಿ ಉಪನಗರ. ಲೂಪರ್ ಪೆಡಲ್. ಗುಂಡಿಯ ಪಕ್ಕ ಮೆರೂನ್ ಸ್ಟಿಕ್ಕರ್, ಅಂಚು ಸ್ವಲ್ಪ ಎದ್ದಿತ್ತು. ಕೆಳಗೆ ಬರೆದಿತ್ತು: ಮೆಮೊರಿ ಪೂರ್ತಿ ಕ್ಲಿಯರ್ ಮಾಡಿ ಕೊಡಲಾಗುವುದು.

ಇದು ನಮ್ಮವರ ಮರ್ಯಾದೆ. ಲೂಪರ್ ಮಾರುವವರು ತಮ್ಮ ಹಾಡುಗಳನ್ನೆಲ್ಲ ಅಳಿಸಿ, ಒರೆಸಿ, ಚೊಕ್ಕಟವಾಗಿ ಕೊಡುತ್ತಾರೆ. ಆ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನನಗೆ ಅನ್ನಿಸಿದ್ದು ಅದೇ ಮೊದಲು. ದಯವಿಟ್ಟು ಕ್ಲಿಯರ್ ಮಾಡಬೇಡಿ, ಈಗಲೇ ಬರ್ತಾ ಇದೀನಿ ಎಂದು ಮೆಸೇಜ್ ಹಾಕಿ ಡಬ್ಬಿ ಮುಚ್ಚಿದೆ. ವಿಜಯನಗರದಲ್ಲಿ ಮೆಟ್ರೋ ಹತ್ತಿದರೂ ಉತ್ತರವಿಲ್ಲ. ಮೈಸೂರು ರೋಡ್ ದಾಟಿದ ಮೇಲೆ ವಿಳಾಸ ಮಾತ್ರ ಬಂತು. ಕೆಂಗೇರಿವರೆಗೂ ನಿಂತೇ ಹೋದೆ, ಕೂರಲು ಜಾಗ ಇದ್ದರೂ.

ಬಾಗಿಲು ತೆಗೆದದ್ದು ಆ ಹುಡುಗಿಯೇ. ಇಂಜಿನಿಯರಿಂಗ್ ಓದುತ್ತಿದ್ದಳು, ಕಾಲೇಜು ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಾಳಂತೆ. ಈಗ ದೊಡ್ಡ ಪೆಡಲ್ ಬೇಕಾಗಿತ್ತು, ಅದಕ್ಕೆ ಇದನ್ನು ಮಾರುತ್ತಿದ್ದಳು. ಮೆಸೇಜ್ ಈಗಷ್ಟೇ ನೋಡಿದೆ ಅಂಕಲ್, ಬೆಳಿಗ್ಗೆಯೇ ಎಲ್ಲ ಕ್ಲಿಯರ್ ಮಾಡಿ ಇಟ್ಟೆ ಎಂದಳು. ಕುರ್ಚಿ ಎಳೆದುಕೊಂಡು ಕೂತೆ.

"ಒಂದು ಬಿಟ್ಟು," ಎಂದಳು. "ಅದು ನಂದಲ್ಲ. ತಗೊಂಡಾಗಲೇ ಇತ್ತು."

ಪೆಡಲಿನಲ್ಲಿ ಹಾಡಿಡಲು ಹಲವು ಕೋಣೆಗಳಿರುತ್ತವೆ. ಅವಳು ಮೊದಲನೆಯದನ್ನು ಮುಟ್ಟಿರಲೇ ಇಲ್ಲ. ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ. ಅವಳಿಗೆ ಸ್ವಲ್ಪ ನಾಚಿಕೆಯಾಯಿತು.

"ಡಬ್ಬೀಲಿ ಕಲ್ಲುಸಕ್ಕರೆ ಇತ್ತು ಅಂಕಲ್, ಪೊಟ್ಟಣ ಕಟ್ಟಿ. ಸಕ್ಕರೆ ಇಟ್ಟು ಕೊಟ್ಟೋರ ಹಾಡು ಹೆಂಗೆ ಅಳಿಸೋದು?"

ಆ ದುಃಖದಲ್ಲೂ, ಆ ಆತುರದಲ್ಲೂ ಅಕ್ಕ ಪೊಟ್ಟಣ ಕಟ್ಟಿದ್ದಳು. ಯಾರ ಮೇಲೆ ಕೂಗಾಡಿ ಬಾಗಿಲು ಬಡಿದಿದ್ದೆನೋ ಅದೇ ಅಕ್ಕ. ಹುಡುಗಿಯ ಎದುರಿಗೇ ಕಣ್ಣೊರೆಸಿಕೊಂಡೆ. ಅವಳು ನೀರು ತಂದುಕೊಟ್ಟಳು.

ಆ ಸುತ್ತಿನ ಮೇಲೇ ತಾನು ಬೇಸ್ ಕಲಿತದ್ದು ಎಂದು ಅವಳು ಹೇಳಿದಳು. ನುಡಿಸಿದವರು ಕೆಳಗಡೆ ತುಂಬ ಜಾಗ ಬಿಟ್ಟಿದ್ದಾರೆ, ಯಾರಿಗೋ ಕಾಯುವ ಹಾಗಿದೆ ಎಂದಳು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಜಾಗದಲ್ಲಿ ಇಷ್ಟು ದಿನ ಇವಳು ಕೂತಿದ್ದಾಳೆ! ಅದೇ ಹೊತ್ತಿಗೆ ಆ ಜಾಗ ಖಾಲಿ ಬಿದ್ದಿರಲಿಲ್ಲವಲ್ಲ ಎಂದು ಸಮಾಧಾನವೂ ಆಯಿತು. ಕೇಳ್ತೀರಾ ಎಂದು ಹೆಡ್‌ಫೋನ್ ಕೊಡಲು ಬಂದಳು. ಬೇಡ ಎಂದೆ. ಅದನ್ನು ಕೇಳಬೇಕಾದ ಮನೆ ಬೇರೆ ಇತ್ತು.

ದುಡ್ಡು ಕೊಟ್ಟು ಪೆಡಲ್ ತಂದೆ, ಆದರೆ ಆ ಮನೆಗೆ ಒಯ್ಯಲು ಕೆಲವು ದಿನ ಧೈರ್ಯ ಸಾಲಲಿಲ್ಲ. ಭಾನುವಾರ ಬೆಳಿಗ್ಗೆ ಬೇಸು, ಪೆಡಲು, ಚಿಕ್ಕ ಸ್ಪೀಕರು ಹೊತ್ತು ಹೊಸಹಳ್ಳಿಗೆ ಹೋದೆ. ಅಕ್ಕ ಸ್ಟಿಕ್ಕರ್ ನೋಡಿದ ಕೂಡಲೇ ಗುರುತು ಹಿಡಿದಳು. ಮುಖ ಗಂಟಿಕ್ಕಿತು. ಕಳಿಸಿದ್ದನ್ನು ಯಾಕೋ ಮತ್ತೆ ತಂದೆ ಎಂದು ಗದರಿದಳು. ಒಂದೇ ಸಲ, ನಿನಗೆ ಬೇಡದಿದ್ದರೆ ನಾನೊಬ್ಬನೇ ಕೇಳಿಕೊಂಡು ಹೋಗುತ್ತೇನೆ ಎಂದು ಬೇಡಿಕೊಂಡೆ. ಏನಾದರೂ ಮಾಡಿಕೋ, ನನಗೆ ಸಾರಿಗೆ ಒಗ್ಗರಣೆ ಹಾಕುವುದಿದೆ ಎಂದು ಒಳಗೆ ಹೋದಳು.

ಭಾವ ಕೂರುತ್ತಿದ್ದ ಕೋಣೆಯಲ್ಲಿ ವೈರು ಸಿಕ್ಕಿಸಿ ಪೆಡಲ್ ತುಳಿದೆ.

ಬಂದರು. ಇನ್ನು ಹೇಗೆ ಹೇಳಲಿ? ನಿಧಾನವಾದ ಸುತ್ತು, ನಾನು ಊಹಿಸಿದ್ದ ಯಾವುದರ ಹಾಗೂ ಇರಲಿಲ್ಲ. ನಾನು ಒದ್ದಾಡಲಿ ಎಂದೇ ಮಧ್ಯದಲ್ಲೊಂದು ಕಡೆ ದಾರಿ ತಪ್ಪಿಸಿದ್ದರು. ನನಗೆ ನಗುವೂ ಬಂತು. ಬೇಸ್ ಎತ್ತಿಕೊಳ್ಳಲು ಕೈ ಚಾಚಿದ್ದೆ. ಅಷ್ಟರಲ್ಲಿ ಗಿಟಾರಿನ ಹೊಟ್ಟೆಯ ಮೇಲೆ, ಟಕ್ ಟಕ್.

"ಬಂದೇರೀ," ಎಂದಳು ಅಕ್ಕ ಅಡುಗೆಮನೆಯಿಂದ.

ಆಮೇಲೆ ಅಲ್ಲಿ ಎಲ್ಲ ಸದ್ದೂ ನಿಂತಿತು. ಸ್ವಲ್ಪ ಹೊತ್ತಿಗೆ ಅವಳು ಬಾಗಿಲಿಗೆ ಬಂದಳು, ಕೈಯಲ್ಲಿ ಒಗ್ಗರಣೆ ಸೌಟು. ಸುತ್ತು ಮುಗಿದು ಮತ್ತೆ ಮೊದಲಿಂದ ಶುರುವಾಯಿತು. ನಾನು ನಿಲ್ಲಿಸಲು ಸ್ಟಿಕ್ಕರಿನ ಕಡೆ ಕಾಲು ಎತ್ತಿದೆ.

"ಇರಲಿ ಬಿಡೋ," ಎಂದಳು. "ಇನ್ನೊಂದು ಸಲ ಕರೀಲಿ."

ಕಾಲು ಹಿಂದಕ್ಕೆ ತೆಗೆದುಕೊಂಡೆ. ಅವಳು ಹೊಸ್ತಿಲಿನ ಮೇಲೆ ಗೋಡೆಗೆ ಒರಗಿ ಕೂತಳು. ನಾನು ಬೇಸ್ ತೊಡೆಯ ಮೇಲಿಟ್ಟುಕೊಂಡು, ಅವರು ಬಿಟ್ಟ ಜಾಗದಲ್ಲಿ ಹೂಂ ಅನ್ನತೊಡಗಿದೆ.