ಗಾಡಿ ಬಿಡದ ಚಿನ್ನಪ್ಪ ಕಾಕಾ

ಚಿನ್ನಪ್ಪ ಕಾಕಾ ಮದುವೆ ಊಟಕ್ಕೆ ಹೋದರೂ ಕಿಟಕಿ ಪಕ್ಕದ ಎಲೆಯನ್ನೇ ಹಿಡಿಯುತ್ತಿದ್ದರು. ಪಾಯಸ ಬರಲಿ ಬಿಡಲಿ, ಹೊರಗೆ ನಿಲ್ಲಿಸಿದ ಗಾಡಿ ಕಣ್ಣಿಗೆ ಬೀಳುತ್ತಿರಬೇಕು. ಹಲಸೂರಿನ ಒಂದು ಛತ್ರದ ಊಟದ ಹಾಲ್‌ನಲ್ಲಿ ಕಿಟಕಿಯೇ ಇರಲಿಲ್ಲ. ಅವತ್ತು ಈ ಮನುಷ್ಯ ಅನ್ನಕ್ಕೆ ಸಾರು ಬೀಳುವಷ್ಟರಲ್ಲಿ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದರು. ಹಾಗಂತ ಗಾಡಿ ಅವರದೂ ಅಲ್ಲ, ಬಾಮೈದನ ಸ್ಕೂಲ್ ವ್ಯಾನು. ಕೇಳಿದರೆ, "ಯಾರದಾದ್ರೇನಮ್ಮ, ಕೀ ನನ್ನ ಜೇಬಲ್ಲಿದೆಯಲ್ಲ" ಅನ್ನುತ್ತಿದ್ದರು.

ನಾವು ಗುಲ್ಬರ್ಗ ಜಿಲ್ಲೆಯ ಆಳಂದದ ಕಡೆಯವರು. ಅಪ್ಪನ ಗಾರೆ ಕೆಲಸದ ಬೆನ್ನು ಹತ್ತಿ ಬೆಂಗಳೂರಿಗೆ ಬಂದು, ಮರ್ಫಿ ಟೌನಿನ ಒಂದು ವಠಾರದಲ್ಲಿ ಒಂಟಿ ಕೋಣೆ ಹಿಡಿದೆವು. ನಾನು ಶಿವಾಜಿನಗರದ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಕಾರ್ಡು ಟೈಪು ಮಾಡುತ್ತಿದ್ದೆ. ನಮ್ಮ ಬಾಗಿಲಿಗೆ ಎದುರು ಬಾಗಿಲು ಚಿನ್ನಪ್ಪನವರದು, ನಡುವೆ ಒಂದು ನಲ್ಲಿ. ನಮ್ಮೂರ ರೂಢಿಯಂತೆ ನಾನು ಕಾಕಾ ಅಂದೆ, ಅವರ ಹೆಂಡತಿ ರತ್ನಮ್ಮನವರನ್ನು ಕಾಕಿ ಅಂದೆ. ತಿಂಗಳು ಕಳೆಯುವಷ್ಟರಲ್ಲಿ ತಮಿಳಿನವರು, ಸಾಬರು ಅಂತಿಲ್ಲದೆ ಇಡೀ ವಠಾರಕ್ಕೆ ಅವರು ಕಾಕಾ ಆಗಿಬಿಟ್ಟರು.

ಕಾಕಾ ಮೂವತ್ತು ವರ್ಷ ಒಂದು ಸರ್ಕಾರಿ ಆಫೀಸಿನ ಜೀಪು ಓಡಿಸಿದವರು. ಕಲ್ಲು, ಬಂಡೆ, ಮಣ್ಣು ಪರೀಕ್ಷೆ ಮಾಡುವ ಆಫೀಸು. ಸಾಹೇಬರು ಸುತ್ತಿಗೆ ಹಿಡಿದು ಊರೂರು ಅಲೆಯುವುದು, ಇವರು ಕರೆದುಕೊಂಡು ಹೋಗುವುದು. ಜೀಪಿನಲ್ಲಿ ಸಾಹೇಬರು ಆಡಿದ ಮಾತೆಲ್ಲ ಇವರ ಕಿವಿಯಲ್ಲಿ ಸೇರಿಕೊಂಡಿತ್ತು. ಸಾಯಂಕಾಲ ನಲ್ಲಿ ಕಟ್ಟೆಯ ಮೇಲೆ ಕೂತು ಶುರು ಮಾಡಿದರೆ ಮುಗಿಯಿತು, ನೀರು ಹಿಡಿಯಲು ಬಂದ ಹೆಂಗಸರು ಕೊಡ ತುಂಬಿ ಹರಿದರೂ ಅಲುಗಾಡುತ್ತಿರಲಿಲ್ಲ.

"ಭೂಮಿ ಸೀಳ್ಕೊಂಡು ಬೆಂಕಿ ಉಕ್ತು ನೋಡಿ, ಹಾಲು ಉಕ್ಕಲ್ವಾ, ಹಾಗೆ. ಬೆಳಗಾವಿ ದಾಟಿದ್ರೆ ಆ ಕಡೆ ಪೂರ್ತಿ ಅದೇ. ಅದು ಆರೋವಾಗ ಬಿರುಕು ಬಿಟ್ಟು ಆರಾರು ಮೂಲೆ ಕಂಬ ಆಗುತ್ತೆ. ಯಾರೂ ಕೆತ್ತಿದ್ದಲ್ಲ, ತಾನಾಗೇ. ಕೊಲ್ಹಾಪುರದ ಆಚೆ ಒಂದ್ಕಡೆ ಇದೆ, ಕಂಬದ ಬಂಡೆ. ಸಾಲಾಗಿ ನಿಲ್ಲಿಸಿದಾರೆ ಅನ್ಬೇಕು."

"ಯಾರು ನಿಲ್ಲಿಸಿದ್ರು, ತಾನಾಗೇ ಅಂದ್ರಲ್ಲ" ಅಂತ ನಾನು ಕಾಲೆಳೆಯುತ್ತಿದ್ದೆ.

"ನೀನು ಕಾರ್ಡು ಟೈಪು ಮಾಡು ಹೋಗಮ್ಮ" ಅನ್ನುತ್ತಿದ್ದರು. ಕೋಪವಿಲ್ಲ, ಏನಿಲ್ಲ.

ನಮ್ಮ ಆಳಂದದ ಕರಿ ಹೊಲವೂ ಆ ಬೆಂಕಿ ಕಲ್ಲೇ ಪುಡಿಯಾಗಿ ಆದದ್ದು ಅಂತ ಅವರೇ ಒಂದು ದಿನ ಹೇಳಿದರು. ಅವ್ವ ಕೊಡ ಕೆಳಗಿಟ್ಟಳು. "ಹಂಗಾರ ನಾವು ಇಷ್ಟ್ ವರ್ಷ ಬೆಂಕಿ ಮ್ಯಾಲ ಜ್ವಾಳ ಬೆಳದೀವೇನ್ರಿ ಅಣ್ಣಾರ?" ಅಂದು ನಕ್ಕಳು. ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುತ್ತದೆಂದು ಬೈದುಕೊಂಡೇ ತುಳಿದ ಮಣ್ಣಿನ ಮೇಲೆ ಅವ್ವನಿಗೆ ಅವತ್ತಿನಿಂದ ಒಂದು ಗತ್ತು ಬಂತು.

ಕಾಕಾ ನಿವೃತ್ತರಾದ ವರ್ಷ, ಬೇಸಿಗೆ ರಜೆಗೆ ವ್ಯಾನು ಖಾಲಿ ನಿಲ್ಲುತ್ತದೆ, ಎಲ್ಲರೂ ಸೇರಿ ಬೆಂಕಿ ಕಲ್ಲಿನ ಸೀಮೆ ನೋಡಿ ಬರೋಣ ಅಂತ ಹೊರಡಿಸಿದರು. ಅವರಿಬ್ಬರು, ನಾವು ಮೂವರು. ಕೋಲಾರದಲ್ಲಿದ್ದ ಅವರ ಮಗಳು ಕಲ್ಲು ನೋಡೋಕೆ ಬಿಸಿಲಲ್ಲಿ ನಾನ್ಯಾಕೆ ಬರಲಿ ಅಂದಳಂತೆ. "ಬರದೇ ಇರ್ಲಿ, ವಠಾರಾನೇ ನನ್ನ ಫ್ಯಾಮಿಲಿ" ಅಂದರು ಕಾಕಾ.

ಅಬ್ಬಾ, ಆ ತಯಾರಿ. ವಠಾರದ ಅಂಗಳದಲ್ಲಿ ಬಳಪದಿಂದ ನಕ್ಷೆ ಬರೆದರು. ನಮ್ಮ ಬಾಗಿಲ ಹತ್ತಿರ ಬೆಂಗಳೂರು, ತುಳಸಿ ಕುಂಡದ ಹತ್ತಿರ ಕೊಲ್ಹಾಪುರ. ಅದರಲ್ಲಿ ನೋಡುವ ಜಾಗ ಒಂದೂ ಇರಲಿಲ್ಲ. ಇದ್ದದ್ದೆಲ್ಲ ನೆರಳಿರುವ ಮರ, ಕುಡಿಯುವ ನೀರು, ಪಂಕ್ಚರ್ ಅಂಗಡಿ, ಹೆಂಗಸರು ಬಾತ್‌ರೂಮಿಗೆ ಇಳಿಯುವ ಜಾಗ. "ಬಂಡೆ ಎಲ್ಲೂ ಓಡಿ ಹೋಗಲ್ಲಮ್ಮ. ನಿಮ್ಮವ್ವ ಎಲ್ಲಿ ಇಳೀಬೇಕು ಅನ್ನೋದು ಮೊದ್ಲು" ಅನ್ನುತ್ತಿದ್ದರು. ಎಷ್ಟು ಮಂದಿ ಗಂಡಸರಿಗೆ ಈ ಬುದ್ಧಿ ಇದೆ ಹೇಳಿ. ಒಂದು ಬೆಳಿಗ್ಗೆ ರತ್ನಮ್ಮ ಕಾಕಿ ಅಂಗಳ ತೊಳೆದು ಹುಬ್ಬಳ್ಳಿಯನ್ನು ಅಳಿಸಿಬಿಟ್ಟರು. ಕಾಕಾ ಬಳಪ ತಂದು, ನೆಲ ಒಣಗುವ ತನಕ ಪಕ್ಕದಲ್ಲೇ ಕಾದು ಕೂತರು.

ಅಷ್ಟು ಸಾಲದೆಂದು ಟ್ರಯಲ್ ಬೇರೆ. ಒಂದು ಭಾನುವಾರ ಎಲ್ಲ ಲಗೇಜು, ನೀರಿನ ಕ್ಯಾನು, ಚಾಪೆ, ಸ್ಟೌ ಸಮೇತ ನಮ್ಮನ್ನು ಹತ್ತಿಸಿಕೊಂಡು ಕೆ.ಆರ್. ಪುರಕ್ಕೆ ಹೊರಟರು. ತೂಗುಸೇತುವೆ ಆಗಿನ್ನೂ ಹೊಸದು. ಅದನ್ನು ದಾಟಿ ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿ, ಚಿತ್ರಾನ್ನ ತಿನ್ನಿಸಿ, ಯಾರಿಗೆ ವಾಂತಿ ಬರುತ್ತದೆ, ಯಾವ ಡಬ್ಬಿ ಸೋರುತ್ತದೆ ಎಂದು ನೋಡಿಕೊಂಡು ವಾಪಸ್ ತಂದರು. ಬೆಳಿಗ್ಗೆ ಟಾಟಾ ಮಾಡಿ ಕಳಿಸಿದ ಬೀದಿಯವರು ಮಧ್ಯಾಹ್ನಕ್ಕೇ ನಮ್ಮನ್ನು ಕಂಡು, "ಏನ್ ಗುರು, ಇಷ್ಟ್ ಬೇಗ ಮುಗೀತಾ?" ಅಂತ ಅಪ್ಪನನ್ನು ಕೇಳಿದರು. ಅಪ್ಪ ನಾಚಿಕೆಯಿಂದ ಟವೆಲು ಮುಖಕ್ಕೆ ಅಡ್ಡ ಹಿಡಿದು ಇಳಿದ. ಕಾಕಾ ಮಾತ್ರ ಗಂಭೀರವಾಗಿ, "ಉಪ್ಪಿನಕಾಯಿ ಡಬ್ಬಿ ಬದಲಾಯಿಸಬೇಕು" ಅಂದರು.

ಈ ಗಲಾಟೆಯ ನಡುವೆ ಒಂದು ಸಂಜೆ ಅವ್ವ ಸುಮ್ಮನೆ ಕೇಳಿದಳು. "ಆ ಕಂಬದ ಬಂಡಿ ಮ್ಯಾಲ ನಿಂತ್ರ ಏನ್ ಕಾಣ್ತದ ಅಣ್ಣಾರ?"

ಕಾಕಾ ಅವರ ಕೈಯಲ್ಲಿದ್ದ ಬಳಪ ನಿಂತಿತು. ಪಾತ್ರೆ ತೊಳೆಯುತ್ತಿದ್ದ ರತ್ನಮ್ಮ ಕಾಕಿ ತಲೆ ಎತ್ತದೆ, "ಅವರೆಲ್ಲಿ ನೋಡಿದಾರೆ" ಅಂದರು.

ಆಮೇಲೆ ಕಾಕಾ ಅವರೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಆಸೆಯಾಗಿ ಸಾಹೇಬರ ಹಿಂದೆ ಗುಡ್ಡ ಹತ್ತಿದ್ದರಂತೆ. ಇಳಿದು ಬರುವಷ್ಟರಲ್ಲಿ ಜೀಪಿನ ಹಿಂದಿದ್ದ ಸ್ಟೆಪ್ನಿ ಚಕ್ರ ಮಾಯ. ಸಾಹೇಬರು ರೇಗಲಿಲ್ಲ. "ಚಿನ್ನಪ್ಪ, ನೀನು ಡ್ರೈವರು. ಕಲ್ಲು ನೋಡೋದು ನಮ್ಮ ಕೆಲಸ" ಅಂದರಂತೆ, ಅಷ್ಟೇ. ಅವತ್ತಿನಿಂದ ಗಾಡಿ ಬಿಟ್ಟಿಲ್ಲ. ಕಂಬದ ಬಂಡೆಯ ಬುಡಕ್ಕೆ ನಾಲ್ಕು ಸಲ ಹೋಗಿದ್ದಾರೆ, ನಾಲ್ಕು ಸಲವೂ ಜೀಪಿನ ನೆರಳಿನಲ್ಲಿ ಕೂತು ಬಂದಿದ್ದಾರೆ. ನಮಗೆ ಹೇಳುತ್ತಿದ್ದದ್ದೆಲ್ಲ ಹಿಂದಿನ ಸೀಟಿನಿಂದ ಕೇಳಿಸಿಕೊಂಡದ್ದು.

ನನಗೆ ಆ ಸಾಹೇಬರ ಮೇಲೆ ಸಿಟ್ಟು ಬಂತು, ಅವರು ಯಾರೋ ಎಲ್ಲೋ.

"ಈಗ ನಾನು ಯಾರ ಡ್ರೈವರೂ ಅಲ್ಲ. ಈ ಸಲ ಇಳೀತೀನಿ, ನೋಡ್ತಾ ಇರಿ" ಅಂದರು ಕಾಕಾ.

"ನೋಡೋಣ" ಅಂದರು ಕಾಕಿ.

ನಮ್ಮ ಪ್ರವಾಸಕ್ಕೆ ಅಲ್ಲಿಂದ ಅರ್ಥವೇ ಬೇರೆಯಾಯಿತು. ಕಾಕಾ ನಮಗೆ ತೋರಿಸಬೇಕು ಅಂತಿದ್ದರು, ನಾವು ಕಾಕಾಗೆ ತೋರಿಸಬೇಕು ಅಂತಿದ್ದೆವು.

ಮೇ ತಿಂಗಳ ಮೊದಲ ವಾರ ಹೊರಟೆವು. ಚಿತ್ರದುರ್ಗಕ್ಕೆ ಮೊದಲೇ ಮರಡಿಹಳ್ಳಿಯಲ್ಲಿ ದಿಂಬಿನ ಬಂಡೆಗಳಿವೆ. ಬೆಂಕಿ ನೀರೊಳಗೆ ಉಕ್ಕಿ ಉಂಡೆ ಉಂಡೆಯಾಗಿ ಗಟ್ಟಿಯಾದವು ಅಂತೆ. ಅವ್ವ ಒಂದರ ಮೇಲೆ ಕೈಯಾಡಿಸಿ, "ನಮ್ಮನಿ ದಿಂಬಿಗಿಂತ ಇವೇ ಮೆತ್ತಗ ಕಾಣ್ತಾವ" ಅಂದಳು. ನಗುತ್ತ ತಿರುಗಿ ನೋಡಿದರೆ ಕಾಕಾ ಇಲ್ಲ. ರಸ್ತೆ ಪಕ್ಕದ ವ್ಯಾನಿನ ಸ್ಟೇರಿಂಗ್ ಹಿಡಿದು ಕೂತಿದ್ದಾರೆ. "ಕೈಬ್ರೇಕು ಸರಿಯಿಲ್ಲಮ್ಮ, ಬಾಮೈದಂಗೆ ಎಷ್ಟು ಸಲ ಹೇಳಿದೀನಿ" ಅಂದರು. ಚಕ್ರಕ್ಕೆ ಕಲ್ಲು ಕೊಡೋಣ ಅಂದ ಅಪ್ಪ. ಕಲ್ಲು ಜಾರುತ್ತೆ ಅಂದರು. ನಾನು ಕೂರ್ತೀನಿ ಅಂದೆ. ನಿನಗೆ ಬ್ರೇಕು ಯಾವುದು, ಕ್ಲಚ್ಚು ಯಾವುದು ಗೊತ್ತಾ ಅಂದರು. ರತ್ನಮ್ಮ ಕಾಕಿ ಗಂಡನ ಪಕ್ಕದ ಸೀಟಿಗೆ ಹತ್ತಿ ಕೂತರು. ಚಿತ್ರದುರ್ಗದಿಂದ ಮುಂದೆ ಗಂಡ ಬ್ರೇಕು ಹಾಕಿದಾಗಲೆಲ್ಲ ಬಗ್ಗಿ ಅವರ ಕಾಲು ನೋಡುತ್ತಿದ್ದರು. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ.

ಬೆಳಗಾವಿ ದಾಟುತ್ತಿದ್ದಂತೆ ನೆಲದ ಬಣ್ಣ ಬದಲಾಯಿತು. ಗುಡ್ಡಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ, ನೆತ್ತಿ ಮಾತ್ರ ಯಾರೋ ಕೊಯ್ದಷ್ಟು ಸಮ. ಉಕ್ಕಿದ ಬೆಂಕಿಯ ಒಂದು ಪದರದ ಮೇಲೆ ಇನ್ನೊಂದು ಪದರ ಬಂದು ಕೂತದ್ದು ಅದು ಎಂದು ಕಾಕಾ ಓಡಿಸುತ್ತಲೇ ವಿವರಿಸಿದರು. ಅಪ್ಪ, ಜನ್ಮದಲ್ಲಿ ಕಲ್ಲನ್ನು ಗೋಡೆಗೆ ಹಾಕುವುದಕ್ಕೆ ಬಿಟ್ಟು ಬೇರೆ ಯಾತಕ್ಕೂ ನೋಡದವನು, ಕಿಟಕಿಗೆ ಅಂಟಿಕೊಂಡು ಕೂತಿದ್ದ. ನಾವು ಹಾಡು ಹೇಳಿದೆವು, ಕಿತ್ತಾಡಿದೆವು, ಕಾಕಾ ಗುರುತು ಹಾಕಿದ್ದ ಪ್ರತಿ ಮರದ ಕೆಳಗೂ ನಿಂತು ಮಂಡಕ್ಕಿ ತಿಂದೆವು. ಎರಡು ಮರ ಯಾರೋ ಕಡಿದುಹಾಕಿದ್ದರು. ಅಲ್ಲೂ ನಿಲ್ಲಿಸಿ, ಬಿಸಿಲಲ್ಲೇ ತಿನ್ನಿಸಿದರು ಪುಣ್ಯಾತ್ಮ.

ಮೂರನೆಯ ದಿನ ಬೆಳಿಗ್ಗೆ ಕೊಲ್ಹಾಪುರದಿಂದ ಪನ್ಹಾಳದ ಆಚೆ ಕಂಬದ ಬಂಡೆಯಿರುವ ಹಳ್ಳಿಗೆ ಬಂದೆವು. ಇಳಿಜಾರಿನಲ್ಲಿ ವ್ಯಾನು ನಿಲ್ಲಿಸಿ, "ಹೋಗ್ಬನ್ನಿ, ನಾನು ಆಮೇಲೆ ಬರ್ತೀನಿ" ಅಂದರು. ಬರುವುದಿಲ್ಲವೆಂದು ನಮಗೆಲ್ಲ ಗೊತ್ತಾಯಿತು. ನಾನು ವಾದ ಮಾಡಲು ಬಾಯಿ ತೆರೆದೆ, ಕಾಕಿ ನನ್ನ ಕೈ ಹಿಡಿದು ಎಳೆದುಕೊಂಡು ಹೋದರು.

ಕಂಬಗಳು ಅಂದರೆ ಕಂಬಗಳೇ. ಕರಿ ಕಲ್ಲಿನ ಕಂಬ, ಒಂದಕ್ಕೊಂದು ತಾಗಿಕೊಂಡು, ಮನುಷ್ಯನಿಗಿಂತ ಎತ್ತರ. ಕಾಕಿ ಅದನ್ನು ಮುಟ್ಟಲೂ ಇಲ್ಲ. ಮುಂದೆ ನಿಂತು, ಮೇಲಿಂದ ಕೆಳಗೆ ಒಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ತಿರುಗಿ ಇಳಿದೇ ಬಿಟ್ಟರು.

ಮೇಲಿಂದ ನಮಗೆ ಎಲ್ಲ ಕಾಣುತ್ತಿತ್ತು. ಕಾಕಿ ವ್ಯಾನಿನ ಬಾಗಿಲು ತೆಗೆದರು. ಏನೋ ಮಾತಾಯಿತು, ಕೈ ಆಡಿತು. ಕಾಕಾ ಇಳಿದರು, ಕಾಕಿ ಸೀರೆ ಎತ್ತಿಕೊಂಡು ಡ್ರೈವರ್ ಸೀಟು ಹತ್ತಿ ಕೂತರು. ಆಗ ಹೇಳಿದ್ದೇನೆಂದು ಕಾಕಾ ಆಮೇಲೆ ನಮಗೆ ಹೇಳಿದರು. "ನಡುವಿನದು ಬ್ರೇಕು, ಮೂರು ದಿನದಿಂದ ನೋಡ್ತಿದೀನಿ. ತುಳ್ಕೊಂಡ್ ಕೂತಿರ್ತೀನಿ. ನೀವು ಹೋಗಿ" ಅಂದರಂತೆ.

ಕಾಕಾ ಹತ್ತು ಹೆಜ್ಜೆ ನಡೆದು ತಿರುಗಿ ನೋಡಿದರು. ಕಾಕಿ ಪೀಂ ಎಂದು ಹಾರನ್ ಹೊಡೆದರು. ಇನ್ನಷ್ಟು ನಡೆದು ಮತ್ತೆ ತಿರುಗಿದರು, ಮತ್ತೆ ಪೀಂ. ಮೂರನೆಯ ಸಲ ತಿರುಗಿದಾಗ ಕಾಕಿ ಹಾರನ್ನಿನಿಂದ ಕೈ ತೆಗೆಯಲೇ ಇಲ್ಲ. ಹಳ್ಳಿಯ ನಾಯಿಗಳೆಲ್ಲ ಬೊಗಳಿದವು, ಅವ್ವ ನಕ್ಕು ನಕ್ಕು ನೆಲಕ್ಕೆ ಕೂತಳು. ಕಾಕಾ ಆಮೇಲೆ ತಿರುಗಲಿಲ್ಲ.

ಮೇಲೆ ಬಂದವರು ಒಂದು ಕಂಬದ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದರು. ಇನ್ನೊಂದನ್ನು ಎಣಿಸಿದರು. ಮೂರನೆಯದರ ಹತ್ತಿರ ನಿಂತು ಎರಡು ಸಲ ಎಣಿಸಿದರು. "ಇದರಲ್ಲಿ ಐದೇ ಇದೆ" ಅಂದರು ನನ್ನ ಕಡೆ ತಿರುಗಿ. "ಸಾಹೇಬ್ರು ಆರು ಅಂದಿದ್ರು. ಐದೂ ಇದೆ ನೋಡು." ಆ ಮುಖದಲ್ಲಿದ್ದ ಖುಷಿಯನ್ನು ನಾನು ಯಾವ ಮದುವೆ ಗಂಡಿನ ಮುಖದಲ್ಲೂ ಕಂಡಿಲ್ಲ. ಆಮೇಲೆ ಒಂದು ಮೋಟು ಕಂಬದ ಮೇಲೆ ಕೂತರು. ಸುಮಾರು ಅರ್ಧ ಗಂಟೆ ಕೂತರು. ಏಳುವಾಗ, ಬಂದ ದಾರಿಯನ್ನೊಮ್ಮೆ ನೋಡಿ, "ಇನ್ನೂರು ಹೆಜ್ಜೆನೂ ಇಲ್ವಲ್ಲಮ್ಮ" ಅಂದರು. ನನಗೆ ಅಳು ಬಂತು, ಬಿಸಿಲು ಅಂತ ಹೇಳಿ ಕಣ್ಣೊರೆಸಿಕೊಂಡೆ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಐದು ಮೂಲೆಯದೇ ಮಾತು. ಅದಾದ ಕೆಲವು ವರ್ಷಕ್ಕೆ ನನಗೆ ಮದುವೆಯಾಗಿ ಕಲ್ಯಾಣ ನಗರಕ್ಕೆ ಹೋದೆ. ಕಾಕಾ ತೀರಿಕೊಂಡ ದಿನ ನಾನು ಬಾಣಂತಿ, ಹೋಗಲಾಗಲಿಲ್ಲ. ಮೂರು ತಿಂಗಳಾದ ಮೇಲೆ ಮಗುವನ್ನೆತ್ತಿಕೊಂಡು ಮರ್ಫಿ ಟೌನಿಗೆ ಹೋದೆ. ರತ್ನಮ್ಮ ಕಾಕಿ ಮಗುವನ್ನು ಮಡಿಲಿಗೆ ಹಾಕಿಕೊಂಡು ತುಂಬ ಹೊತ್ತು ಮಾತಾಡಿದರು.

"ಕೊನೆಕೊನೆಗೆ ಅದೊಂದೇ ಕಥೆ ಕಣೆ. ಮೂವತ್ತು ವರ್ಷದ ಜೀಪು, ಸಾಹೇಬ್ರು, ಎಲ್ಲ ಬಿಟ್ಟೇಬಿಟ್ರು. ಬಂದೋರಿಗೆಲ್ಲ ಹೇಳೋರು, ನಾನೂ ರತ್ನಾನೂ ಕಂಬದ ಬಂಡೆ ಮೇಲೆ ಪಕ್ಕಪಕ್ಕ ಕೂತಿದ್ವಿ, ಗಾಳಿಗೆ ಅವಳ ಸೆರಗು ನನ್ನ ಮುಖಕ್ಕೆ ಬಡೀತಿತ್ತು ಅಂತ."

"ನೀವು ಕೆಳಗೆ ವ್ಯಾನಲ್ಲಿ ಕೂತಿದ್ರಲ್ಲ ಕಾಕಿ" ಅಂದೆ.

"ಹೂಂ" ಅಂದರು. "ಸೀರೆ ಯಾವ ಬಣ್ಣ ಅಂತ ಯಾರಾದ್ರೂ ಕೇಳಿದ್ರೆ ಅವರಿಗೆ ಗೊತ್ತಾಗ್ತಿರಲಿಲ್ಲ. ಹಸಿರು ಅಂತ ನಾನೇ ಹೇಳ್ತಿದ್ದೆ."